ತುಲಾ ರಾಶಿಗೆ ತಿದ್ದುಪಡಿ

ಬೇರೆಯವರನ್ನು ಹೊಸ ವರ್ಷ ವರ್ಷಕ್ಕೊಮ್ಮೆ ಕಾಡಿದರೆ ಕಾತ್ಯಾಯಿನಿಯನ್ನು ಎರಡು ಸಲ ಕಾಡುತ್ತಿತ್ತು. ಜನವರಿ ಒಂದಕ್ಕೆ ಒಮ್ಮೆ, ಯುಗಾದಿಗೆ ಇನ್ನೊಮ್ಮೆ. ಎರಡು ಸಲವೂ ಅವಳ ಸಂಕಲ್ಪ ಒಂದೇ: ಈ ವರ್ಷ ಕಾದಂಬರಿ ಮುಗಿಸಬೇಕು. ಎರಡು ಸಲವೂ ಆ ಸಂಕಲ್ಪ ಹಬ್ಬದ ಪಾತ್ರೆ ತೊಳೆದು ಬೋರಲು ಹಾಕುವಷ್ಟರಲ್ಲಿ ಹಳಸಿ ಹೋಗುತ್ತಿತ್ತು.

ಕಾದಂಬರಿ ಏಳನೆಯ ಅಧ್ಯಾಯದಲ್ಲಿ ನಿಂತಿತ್ತು. ಕಥಾನಾಯಕಿ ಅಂಬುಜಾಕ್ಷಿ ಗಂಡನ ಮನೆ ಬಿಟ್ಟು, ಕೈಯಲ್ಲೊಂದು ಚೀಲ ಹಿಡಿದು, ನಂಜನಗೂಡಿನ ಬಸ್ ಸ್ಟ್ಯಾಂಡಿಗೆ ಬಂದವಳು ಅಲ್ಲೇ ನಿಂತುಬಿಟ್ಟಿದ್ದಳು. ಅವಳು ಮೈಸೂರಿನ ಬಸ್ ಹತ್ತಬೇಕೋ, ಬಂದ ದಾರಿಯಲ್ಲೇ ವಾಪಸು ಹೋಗಬೇಕೋ ಎಂಬುದು ಕಾತ್ಯಾಯಿನಿಗೆ ಹೊಳೆದಿರಲಿಲ್ಲ. ಆಮೇಲೆ ಅವಳಿದ್ದ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ದೊಡ್ಡ ಭೂಕಂಪವಾಯಿತು. ಊರಿನ ನಡುಭಾಗವೇ ಬಿತ್ತು, ಬಿದ್ದದ್ದರಲ್ಲಿ ಕೆಲವು ಕಟ್ಟಡಗಳು ಮತ್ತೆ ಏಳತೊಡಗಿದವು. ಅಂಬುಜಾಕ್ಷಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಕಾತ್ಯಾಯಿನಿಯ ಗಂಡ ಗುರುದತ್ ವಿಮೆಯವರ ಪರವಾಗಿ ಬಿರುಕು ಬಿಟ್ಟ ಮನೆಗಳನ್ನು ನೋಡಿ ಬರುವ ಕೆಲಸದಲ್ಲಿದ್ದ. ಯಾವುದೇ ಬಿರುಕನ್ನು ಕಂಡರೂ ಅವನಿಗೆ ಕೇಳಲು ಒಂದೇ ಪ್ರಶ್ನೆ ಇತ್ತು. ಹೆಂಡತಿ ಕಂಪ್ಯೂಟರಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದರೆ ಬಾಗಿಲಲ್ಲಿ ನಿಂತು ಅದನ್ನೇ ಕೇಳುತ್ತಿದ್ದ. "ಏನು ಕಾತ್ಯಾ, ಇದು ರಿಪೇರಿನಾ, ರೀಬಿಲ್ಡಾ?" ಆಮೇಲೆ ಇನ್ನೊಂದು ಕೇಳುತ್ತಿದ್ದ. "ಟೀ ಇದೆಯಾ?"

ಎಂದೋ ಡನೀಡಿನ್‌ಗೆ ಓದಲು ಬಂದು ಈ ದೇಶದಲ್ಲೇ ಉಳಿದ ಮೈಸೂರಿನ ಹುಡುಗಿ ಅವಳು. ಈಗ ವಾರದ ದಿನಗಳಲ್ಲಿ ಹೊಸದಾಗಿ ವಲಸೆ ಬಂದ ನರ್ಸುಗಳಿಗೆ, ಎಂಜಿನಿಯರುಗಳಿಗೆ ಇಂಗ್ಲಿಷಿನಲ್ಲಿ ವರದಿ ಬರೆಯುವುದನ್ನು ಕಲಿಸುತ್ತಿದ್ದಳು. ಶನಿವಾರ ಕನ್ನಡ ಸಂಘದ ಕಥಾ ತರಗತಿ. ಬಾಡಿಗೆಗೆ ಹಿಡಿದ ಕೋಣೆಯೊಂದರಲ್ಲಿ ನಡೆಯುವ ಆ ತರಗತಿಯಲ್ಲಿ ಅವಳು ಪ್ರತಿ ವಾರ ಎರಡು ಸೂತ್ರ ಹೇಳುತ್ತಿದ್ದಳು. ಒಂದು, ಗಾಳಿಮಾತು ಬೇಡ, ಎಲ್ಲವನ್ನೂ ನಿರ್ದಿಷ್ಟವಾಗಿ ಬರೆಯಿರಿ. ಎರಡು, ಹಿಡಿದದ್ದನ್ನು ಮುಗಿಸಿ. ಎರಡನೆಯ ಸೂತ್ರ ಹೇಳುವಾಗ ಅವಳು ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದಳು. ಏಕೆಂದರೆ ಆದರ್ಶ್ ಡಿಸೋಜ ಎದುರಿಗೇ ಕೂತಿರುತ್ತಿದ್ದ. ಮಂಗಳೂರಿನ ಈ ಹುಡುಗ ಹಾರ್ನ್‌ಬಿಯ ಗೋದಾಮೊಂದರಲ್ಲಿ ಸರಕು ಕಳಿಸುವ ಮೇಲ್ವಿಚಾರಕ, ಬಿಡುವಿನಲ್ಲಿ ಪ್ರೇಮಕವಿ. ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಅವನು ಪ್ರತಿ ಟರ್ಮಿನ ಮೊದಲ ದಿನ ಕೇಳುತ್ತಿದ್ದ.

"ಮೇಡಂ, ಬಸ್ ಬಂತಾ?"

ಆ ಜನವರಿಯಲ್ಲಿ, ಎಂದರೆ ಎರಡು ಸಾವಿರದ ಹದಿನೈದರಲ್ಲಿ, ಅವಳು ಬರೆಯಲೆಂದೇ ಸಮುದ್ರದ ದಡದಲ್ಲಿ ಒಂದು ಬ್ಯಾಚ್ ಹಿಡಿದಿದ್ದಳು. ಬ್ಯಾಚ್ ಎಂದರೆ ನ್ಯೂಜಿಲೆಂಡಿನವರು ಬೇಸಗೆ ರಜೆಗೆ ಹೋಗಿ ಮಲಗುವ ಪುಟ್ಟ ಮನೆ. ಅಲ್ಲಿ ಅವಳು ಬರೆದದ್ದು ಏನೂ ಇಲ್ಲ. ಮರಳುನೊಣ ಕಚ್ಚಿದ ಜಾಗವನ್ನು ಕೆರೆದುಕೊಂಡದ್ದೇ ಬಂತು. ಹಿಂದಿರುಗುವಾಗ ಧಾರವಾಡದ ಪ್ರಕಾಶಕ ವಾಸುದೇವ್ ಅವರ ಫೋನು ಬಂತು. ದೀಪಾವಳಿಯವರೆಗೆ ನೋಡೋಣ, ಆಗದಿದ್ದರೆ ಬಿಟ್ಟುಬಿಡೋಣ ಮೇಡಂ, ನಮಗೇನೂ ಬೇಜಾರಿಲ್ಲ, ಎಂದರು ಅವರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ 'ಬೇಜಾರಿಲ್ಲ' ಎಂಬ ಮಾತು ಅವಳನ್ನು ವಾರಗಟ್ಟಲೆ ಚುಚ್ಚಿತು. ತಾನು ಇನ್ನು ಲೇಖಕಿಯಲ್ಲವೇ? ಈಜು ಬಿಟ್ಟು ದಡದಲ್ಲಿ ನಿಂತು ಕೈ ಹೇಗೆ ಬೀಸಬೇಕೆಂದು ಕೂಗುವವಳು ಮಾತ್ರವೇ? ಅವಳಿಗೆ ನಿಜಕ್ಕೂ ಭಯವಾಗಿತ್ತು. ಉಳಿದದ್ದು ಯುಗಾದಿ ಒಂದೇ.

ಯುಗಾದಿಯ ದಿನ ಸಂಘದಲ್ಲಿ ಪಂಚಾಂಗ ಶ್ರವಣ ನಡೆಯುತ್ತಿತ್ತು. ಪುರೋಹಿತರು ಸಿಗುವುದು ಕಷ್ಟ, ಸಿಕ್ಕರೂ ಕನ್ನಡದವರಲ್ಲ. ಹಾಗಾಗಿ ಹನ್ನೆರಡು ರಾಶಿಗಳ ವರ್ಷಫಲ ಓದುವ ಕೆಲಸ ಕಾತ್ಯಾಯಿನಿಯದು, ಅವಳ ಕಂಠ ಚೆನ್ನಾಗಿದೆ ಎಂದು. ಮೈಸೂರಿನಿಂದ ಅಣ್ಣ ನರಸಿಂಹ ಪ್ರತಿ ವರ್ಷ ಪಂಚಾಂಗ ಅಂಚೆಗೆ ಹಾಕುತ್ತಿದ್ದ. ಈ ಸಲ ಅವನಿಗೆ ತಂಗಿಯ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿಯಾಯಿತು. ಪಾಪ, ಆ ದೇಶದಲ್ಲಿ ಬೇವು ಎಲ್ಲಿ ಸಿಗಬೇಕು ಎಂದುಕೊಂಡು ಪಂಚಾಂಗದ ಹಾಳೆ ಹಾಳೆಗೂ ನಡುವೆ ಹಸಿ ಬೇವಿನೆಲೆ ಇಟ್ಟು ಕಳಿಸಿದ. ನ್ಯೂಜಿಲೆಂಡಿಗೆ ಹೊರಗಿನ ಒಂದು ಸೇಬಿನ ಬೀಜ ತರುವುದೂ ಅಪರಾಧ ಎಂಬುದು ಅವನಿಗೆ ಹೇಗೆ ಗೊತ್ತಿರಬೇಕು? ಅಂಚೆಯ ನಾಯಿ ಮೂಸಿತು. ಅಧಿಕಾರಿಗಳು ನಿಯಮದ ಪ್ರಕಾರ ಎಲೆಯನ್ನೂ ಪಂಚಾಂಗವನ್ನೂ ಒಟ್ಟಿಗೇ ಸುಟ್ಟರು. ಹೀಗೆ ಕ್ರೈಸ್ಟ್‌ಚರ್ಚಿನ ಕನ್ನಡಿಗರ ಮನ್ಮಥ ನಾಮ ಸಂವತ್ಸರದ ಶುಭಾಶುಭಗಳು ಸರ್ಕಾರಿ ಕುಲುಮೆಯಲ್ಲಿ ಬೂದಿಯಾದವು.

"ನೆಟ್ಟಿನ್ಯಾಗ ಸಿಗ್ತಾವಲ್ರಿ ಮೇಡಮ್ಮಾರ, ಅದನ್ನ ಓದ್ರಿ," ಎಂದ ಸಂಘದ ಅಧ್ಯಕ್ಷ ಶಿವಪುತ್ರಪ್ಪ. ಬಾಗಲಕೋಟೆ ಕಡೆಯ ಎಂಜಿನಿಯರು, ಒಳ್ಳೆಯವನು, ಆದರೆ ಮೈಕು ಕೈಗೆ ಸಿಕ್ಕರೆ ಕೊಡುವವನಲ್ಲ.

ಹಬ್ಬದ ಹಿಂದಿನ ಮಧ್ಯಾಹ್ನ ಕಾತ್ಯಾಯಿನಿ ನೆಟ್ಟಿನಲ್ಲಿ ಹುಡುಕಿದಳು. ಮೇಷ ರಾಶಿ: ಮಿಶ್ರಫಲ, ಆರೋಗ್ಯದಲ್ಲಿ ಏರುಪೇರು, ಬಂಧುಗಳ ಆಗಮನ, ಕಾರ್ಯದಲ್ಲಿ ವಿಘ್ನ, ಆದರೂ ಜಯ. ವೃಷಭ ರಾಶಿ: ಮಿಶ್ರಫಲ, ಬಂಧುಗಳ ಆಗಮನ, ವಿಘ್ನ, ಜಯ. ಮಿಥುನಕ್ಕೂ ಅದೇ ಬಂಧುಗಳು ಬಂದರು. ಅವಳ ಒಳಗಿನ ಟೀಚರು ಸೆಟೆದು ನಿಂತಳು. ಯಾವ ಬಂಧು? ಯಾವ ಕಾರ್ಯ? ತರಗತಿಯಲ್ಲಿ ಯಾರಾದರೂ ಹೀಗೆ ಬರೆದು ತಂದಿದ್ದರೆ ಅವಳು ಹರಿದು ಕೈಗೆ ಕೊಡುತ್ತಿದ್ದಳು. ಒಂದೆರಡು ಪದ ತಿದ್ದಿದರೆ ತಪ್ಪೇನು ಎಂದುಕೊಂಡು ಕೀಲಿಮಣೆ ಮುಟ್ಟಿದಳು.

ತಿದ್ದುವವರ ಕೈ ಎಲ್ಲಿ ನಿಲ್ಲುತ್ತದೆ! ಮೇಷ ರಾಶಿಯ 'ಗೃಹಸೌಖ್ಯ'ವನ್ನು ತೆಗೆದು, "ಗರಾಜಿನಲ್ಲಿ ಕಾರು ನಿಲ್ಲುವಷ್ಟು ಜಾಗ ಮಾಡಿಕೊಂಡರೆ ಮನೆಯಲ್ಲಿ ಶಾಂತಿ" ಎಂದು ಬರೆದಳು. ಎಷ್ಟು ಚೆನ್ನಾಗಿ ಕೂತಿತು ವಾಕ್ಯ! ಕನ್ನಡ ಸಂಘದಲ್ಲಿ ಯಾರ ಸಂಬಳ ಎಷ್ಟೆಂದು ಯಾರಿಗೂ ಗೊತ್ತಿಲ್ಲ, ಆದರೆ ಯಾರ ರಾಶಿ ಯಾವುದೆಂದು ಎಲ್ಲರಿಗೂ ಗೊತ್ತು. ಮುಂದಿನದು ಸಲೀಸಾಯಿತು. ಮಿಥುನಕ್ಕೆ, "ಎರವಲು ತಂದ ಇಡ್ಲಿ ಪಾತ್ರೆಯನ್ನು ವೈಶಾಖದೊಳಗೆ ಹಿಂದಿರುಗಿಸಿದರೆ ಶನಿಯ ದೃಷ್ಟಿ ಸಡಿಲವಾಗುತ್ತದೆ." ಅವಳ ಇಡ್ಲಿ ಪಾತ್ರೆ ಹೋಗಿ ಬಹಳ ಕಾಲವಾಗಿತ್ತು. ಶಿವಪುತ್ರಪ್ಪನ ವೃಷಭಕ್ಕೆ, "ಸಭೆಯಲ್ಲಿ ಮೂರು ವಾಕ್ಯ ಮೀರಿ ಮಾತನಾಡಿದರೆ ದೇಹದಲ್ಲಿ ಉಷ್ಣ." ಗುರುದತ್ತನ ಕರ್ಕಾಟಕಕ್ಕೆ, "ಹೆಂಡತಿ ಬರೆಯುತ್ತಿರುವಾಗ ಟೀ ಕೇಳಬಾರದು. ಸ್ವತಃ ಕಾಯಿಸಿದ ಟೀ ಆಯುಷ್ಯವರ್ಧಕ." ಬಾಸಿನ ಎದುರು ಬಾಯಿ ಬಿಡದ ಸಂಘದ ಮುರಳಿಯನ್ನು ನೆನೆದು ಸಿಂಹಕ್ಕೆ, "ಮನಸ್ಸಿನಲ್ಲಿರುವುದನ್ನು ನೇರವಾಗಿ ಕೇಳಿದರೆ ದೊರೆಯುವ ಯೋಗ." ತರಗತಿಯಲ್ಲಿ ಯಾರ ಟೀಕೆಯನ್ನೂ ಕೇಳಿಸಿಕೊಳ್ಳದೆ ಜಗಳಕ್ಕೆ ನಿಲ್ಲುವ ಪೂರ್ವಿಯ ಕನ್ಯಾ ರಾಶಿಗೆ, "ಮೊದಲಿಗೆ ಹುಚ್ಚೆನಿಸುವ ಮಾತನ್ನೂ ಕೊನೆಯವರೆಗೆ ಕೇಳಿದರೆ ಶುಭ." ಎಷ್ಟೋ ವರ್ಷಗಳ ಮೇಲೆ ಅವಳು ಹಸಿವು, ಫೋನು, ಮರಳುನೊಣದ ಗಾಯ ಎಲ್ಲ ಮರೆತು ಬರೆದಳು. ಬರೆದು ಬರೆದು ತಾನೇ ನಕ್ಕಳು.

ಆಮೇಲೆ ತುಲಾ ರಾಶಿ ಬಂತು. ಅದು ಅವಳದೇ ರಾಶಿ.

"ಹಿಡಿದ ಬರಹ" ಎಂದು ಬರೆದಳು. ಅಳಿಸಿದಳು. "ಬಹುಕಾಲದ ಕೆಲಸ" ಎಂದು ಬರೆದಳು. ಅದನ್ನೂ ಅಳಿಸಿದಳು. ನಗು ನಿಂತುಹೋಗಿತ್ತು. ಮುಗಿಯುತ್ತದೆ ಎಂದು ಬರೆದು ಮುಗಿಯದಿದ್ದರೆ? ಮುಗಿಯುವುದಿಲ್ಲ ಎಂದು ಯಾರಾದರೂ ತಮ್ಮ ಕೈಯಾರೆ ಬರೆದುಕೊಳ್ಳುತ್ತಾರೆಯೇ? ಕೊನೆಗೆ ನೆಟ್ಟಿನಲ್ಲಿದ್ದ ಸಾಲನ್ನೇ ಎತ್ತಿ ಹಾಕಿದಳು: ಮಿಶ್ರಫಲ, ಬಂಧುಗಳ ಆಗಮನ. ಆಮೇಲೆ ವೃಶ್ಚಿಕಕ್ಕೆ ಹಾರಿದಳು.

ಮರುದಿನ ಶಾಲೆಯೊಂದರ ಹಾಲಿನಲ್ಲಿ ಹಬ್ಬ. ಹೊರಗೆ ಮರಗಳೆಲ್ಲ ಎಲೆ ಉದುರಿಸುತ್ತಿದ್ದವು, ಒಳಗೆ ಕಾತ್ಯಾಯಿನಿ ವಸಂತ ಋತುವಿನ ಆಗಮನ ಸಾರುತ್ತಿದ್ದಳು. ಬೇವಿನ ಬದಲು ಹುಲ್ಲುಹಾಸಿನಲ್ಲಿ ಕಳೆಯಾಗಿ ಬೆಳೆಯುವ ದಂಡೇಲಿಯನ್ ಎಲೆಯನ್ನು ಬೆಲ್ಲದೊಂದಿಗೆ ಹಂಚಿದ್ದರು; ಬೇವಿಗಿಂತ ಕಹಿ. ವರ್ಷಫಲ ಶುರುವಾಗುವಾಗ ಎಂದಿನಂತೆ ಗಂಡಸರು ಫೋನು ನೋಡುತ್ತಿದ್ದರು. ಗರಾಜಿನ ಮಾತು ಬಂದದ್ದೇ ತಡ, ಎಲ್ಲ ಫೋನುಗಳೂ ಜೇಬಿಗೆ ಹೋದವು. ಇಡ್ಲಿ ಪಾತ್ರೆಯ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡತೊಡಗಿದರು.

"ಎಷ್ಟು ಕರೆಕ್ಟಾಗಿ ಹೇಳಿದೆ ನೋಡ್ರೀ ಪಂಚಾಂಗ," ಎಂದು ಹಿಂದಿನ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು. ತುಲಾ ರಾಶಿಯ ಸಾಲು ಬಂದಾಗ ಮಾತ್ರ ಮುಂದಿನ ಸಾಲಿನ ಒಬ್ಬ ಹಿರಿಯ ಹೆಂಗಸು ತಲೆಯೆತ್ತಿ ಅವಳನ್ನೇ ದಿಟ್ಟಿಸಿ ನೋಡಿದಳು. ಓದುವ ಭರದಲ್ಲಿ ಕಾತ್ಯಾಯಿನಿ ಅದನ್ನು ಗಮನಿಸಿಯೂ ಗಮನಿಸಲಿಲ್ಲ.

ಕೊನೆಯಲ್ಲಿ ವಂದನಾರ್ಪಣೆಗೆ ಶಿವಪುತ್ರಪ್ಪ ಎದ್ದ. ಮುಖ ಸಣ್ಣದಾಗಿತ್ತು. ಪಂಚಾಂಗವೆಂದರೆ ಅವನಿಗೆ ಎದೆಯಲ್ಲಿ ಅಳುಕು. "ನಾ ಮೂರ ವಾಕ್ಯ ಮಾತಾಡ್ತೀನ್ರಿ," ಎಂದ. ಚಪ್ಪಾಳೆ ಬಿತ್ತು. ಮೂರೇ ವಾಕ್ಯ ಮಾತನಾಡಿದ, ಅದರಲ್ಲಿ ಸಂದೇಹವಿಲ್ಲ. ಆದರೆ ಎರಡನೆಯ ವಾಕ್ಯ ಸಂಘದ ಸ್ಥಾಪನೆಯಿಂದ ಹೊರಟು, ಭೂಕಂಪವನ್ನು ದಾಟಿ, ಹಾಲಿನ ಬಾಡಿಗೆ ವಿಷಯಕ್ಕೆ ಬಂದು, ಅಡುಗೆಯವರನ್ನು ನೆನೆದು, ಪಾರ್ಕಿಂಗ್ ಸಮಸ್ಯೆಯಲ್ಲಿ ಸುತ್ತಿ, ಎಲ್ಲಿಯೂ ಕ್ರಿಯಾಪದ ಮುಟ್ಟದೆ ಮುಂದುವರಿಯಿತು. ಅಷ್ಟರಲ್ಲಿ ಪುಳಿಯೋಗರೆ ಆರಿತು.

ಹಬ್ಬವೇನೋ ಮುಗಿಯಿತು, ಫಲ ಮುಗಿಯಲಿಲ್ಲ. ಆ ವಾರ ಕಾತ್ಯಾಯಿನಿಯ ಬಾಗಿಲಿಗೆ ಇಡ್ಲಿ ಪಾತ್ರೆಗಳು ಬರತೊಡಗಿದವು. ಅವಳದು ಬಂತು. ಅವಳದಲ್ಲದ್ದೂ ಬಂದವು. ಸಂಘದ ಗರಾಜುಗಳಿಂದ ಹಳೇ ಸೋಫಾ, ಹಳೇ ಟ್ರೆಡ್‌ಮಿಲ್ ಹೊತ್ತ ಟ್ರೈಲರುಗಳು ಸಾಲಾಗಿ ತ್ಯಾಜ್ಯ ಕೇಂದ್ರಕ್ಕೆ ಹೋದವು. ಗುರುದತ್ ಮಾತಿಲ್ಲದೆ ತಾನೇ ಟೀ ಕಾಯಿಸಿಕೊಳ್ಳತೊಡಗಿದ. ಒಂದು ದಿನ ಮಾತ್ರ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕೇಳಿದ: "ಕರ್ಕಾಟಕದವರಿಗೆ ಟೀ ವಿಷಯ ಹೇಳಿದ್ದು ಗುರುವೋ ಶುಕ್ರನೋ?"

"ಎಲ್ಲಾ ಗ್ರಹಗಳೂ ಸೇರಿ," ಎಂದಳು ಅವಳು.

ನಗುವುದಕ್ಕೆ ಇಷ್ಟು ಸಾಕಿತ್ತು. ಆದರೆ ಏಪ್ರಿಲಿನ ಒಂದು ಶನಿವಾರ ತರಗತಿ ಮುಗಿಯುವ ಹೊತ್ತಿಗೆ ಆದರ್ಶ್ ಎದ್ದು ನಿಂತ.

"ಮೇಡಂ, ನನಗೆ ರಾಶಿಯೇ ಇಲ್ಲ ಮಾರಾಯ್ರೆ. ಚರ್ಚಿನಲ್ಲಿ ಅದೆಲ್ಲ ಕೊಡುವುದಿಲ್ಲ. ಹಾಗೆ ನಾನು ಸಿಂಹ ತೆಗೊಂಡಿದ್ದೇನೆ, ಅದು ಒಳ್ಳೇದಿತ್ತು," ಎಂದವನೇ ಪೂರ್ವಿಯ ಕಡೆ ತಿರುಗಿ, ಚಂದ್ರ, ತಾರೆ, ಕಡಲು, ಕಡಲಿನ ಅಲೆ, ಅಲೆಯ ನೊರೆ ಎಲ್ಲವನ್ನೂ ಕರೆದು ಸಾಕ್ಷಿ ನಿಲ್ಲಿಸಿ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟ.

ಕಾತ್ಯಾಯಿನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆ ಊರಿನಲ್ಲಿ ಅದು ಬಾಯಿಬಿಟ್ಟ ಉದಾಹರಣೆಯೂ ಇತ್ತು. ಪೂರ್ವಿ ಔಷಧದಂಗಡಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗಿ. ಸಾಮಾನ್ಯವಾಗಿ ಎರಡನೆಯ ಮಾತಿಗೇ ಸಿಡಿಯುವವಳು. ಆ ದಿನ ಸಿಡಿಯಲಿಲ್ಲ. ಕನ್ಯಾ ರಾಶಿಯವಳು, ಕೊನೆಯವರೆಗೂ ಕೇಳಿದಳು. ಹಲ್ಲು ಕಚ್ಚಿಕೊಂಡು ಕೇಳಿದಳು. ಆಮೇಲೆ ಹೇಳಿದಳು:

"ಚಂದ್ರ ತೆಗಿ. ನೊರೆ ತೆಗಿ. ಕಡಲು ಒಂದು ಸಲ ಸಾಕು. ನಾನು ಅದರಲ್ಲಿ ಎಲ್ಲೂ ಇಲ್ವಲ್ಲೋ? ಮುಂದಿನ ವಾರ ತಿದ್ದಿ ತಗೊಂಡು ಬಾ, ನೋಡೋಣ."

ಮುಂದಿನ ವಾರ ಅವನು ತಿದ್ದಿ ತಂದ. ಅದರಲ್ಲಿ ಚಂದ್ರ ಇರಲಿಲ್ಲ. ಅವನಿಗೆ ಕೆಮ್ಮು ಬಂದಾಗ ಅವಳು ಅಂಗಡಿಯ ಕೌಂಟರಿನ ಹಿಂದಿನಿಂದ ಬೈದು ಔಷಧ ಕೊಟ್ಟದ್ದು ಇತ್ತು. ಪೂರ್ವಿ ಓದಿ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಇಬ್ಬರೂ ಒಂದೇ ಕಾರಿನಲ್ಲಿ ಹೋದರು.

ಕಾತ್ಯಾಯಿನಿ ಖಾಲಿಯಾಯಿತೆಂದುಕೊಂಡ ಕೋಣೆಯಲ್ಲಿ ಕುರ್ಚಿ ಜೋಡಿಸುತ್ತ ಬೆವತಳು. ತಮಾಷೆಗೆ ಬರೆದದ್ದಕ್ಕೆ ಜನ ಬಾಳು ಕಟ್ಟುತ್ತಿದ್ದಾರಲ್ಲ! ನಾಳೆ ಏನಾದರೂ ಎಡವಟ್ಟಾದರೆ? ಎಲ್ಲರ ಮುಂದೆ ನಿಂತು, ಅದು ನಾನು ಬರೆದದ್ದು ಎಂದು ಹೇಳಿಬಿಡುವುದೇ ಒಳ್ಳೆಯದು ಎಂದುಕೊಳ್ಳುತ್ತಿದ್ದಾಗ ಹೀಟರಿನ ಪಕ್ಕದಿಂದ ಒಂದು ದನಿ ಬಂತು.

"ಅಕ್ಕೋರ, ಒಂದ ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಆ ಪಂಚಾಂಗ ನೀವ ಬರದೀರಿ, ಹೌದಲ್ಲೋ?"

ಶಿವಪುತ್ರಪ್ಪನ ತಾಯಿ ಬಸಲಿಂಗವ್ವ. ಜನವರಿಯಲ್ಲಿ ಊರಿನಿಂದ ಬಂದವಳು. ಮೊಮ್ಮಗಳು ಪಕ್ಕದ ಕೋಣೆಯಲ್ಲಿ ಕನ್ನಡ ಅಕ್ಷರ ಕಲಿಯುವಾಗ ಅಜ್ಜಿ ಇಲ್ಲಿ ಕೂರುತ್ತಿದ್ದಳು. ಕಥೆಯ ಮೇಲಿನ ಆಸೆಗಲ್ಲ, ಹೀಟರು ಇದ್ದದ್ದು ಈ ಕೋಣೆಯಲ್ಲಿ ಎಂದು. ಯುಗಾದಿಯ ದಿನ ಮುಂದಿನ ಸಾಲಿನಿಂದ ದಿಟ್ಟಿಸಿ ನೋಡಿದವಳೂ ಇವಳೇ ಎಂಬುದು ಕಾತ್ಯಾಯಿನಿಗೆ ಆಗ ಹೊಳೆಯಿತು.

"ಯಾರು ಹೇಳಿದ್ರಮ್ಮ ನಿಮಗೆ?"

"ಯಾರ ಹೇಳಬೇಕ್ರಿ? ಸಣ್ಣಾಕಿ ಇದ್ದಾಗಿಂದ ಯುಗಾದಿ ಯುಗಾದಿಗೆ ಕೇಳ್ಕೋತ ಬಂದೀನಿ. ಯಾವ ಪಂಚಾಂಗದಾಗೂ ಇಡ್ಲಿ ಪಾತ್ರಿ ಬಂದಿದ್ದಿಲ್ಲ."

ಕಾತ್ಯಾಯಿನಿ ಕೈಯಲ್ಲಿದ್ದ ಕುರ್ಚಿಯ ಮೇಲೇ ಕುಳಿತುಬಿಟ್ಟಳು. "ತಪ್ಪಾಯ್ತಮ್ಮ. ಎಲ್ಲರಿಗೂ ಹೇಳಿಬಿಡ್ತೀನಿ."

"ಅಯ್ಯ, ಹೇಳಬ್ಯಾಡ್ರಿ! ಛಲೋ ನಡದೈತಿ. ನನ್ನ ಮಗನ ಬಾಯಿಗೆ ಕೀಲಿ ಹಾಕಿದ್ರಿ, ಅದು ಹಡದ ತಾಯಿ ಕೈಲೆ ಆಗಿದ್ದಿಲ್ಲ. ನಾ ಬಂದದ್ದು ಬ್ಯಾರೇ ತಕರಾರಿಗೆ. ಎಲ್ಲಾರಿಗೂ ಒಂದೊಂದ ಕೆಲಸ ಹಚ್ಚಿಕೊಟ್ಟೀರಿ. ನಂದು ತುಲಾ ರಾಶಿ. ನನಗೇನ ಕೊಟ್ರಿ? ಮಿಶ್ರಫಲ! ಮಿಶ್ರಫಲ ಅಂದ್ರ ಏನ್ರಿ ಅಕ್ಕೋರ? ಕುಂತಲ್ಲೇ ಕುಂಡ್ರು ಅಂದಂಗ."

ಬಸಲಿಂಗವ್ವ ಸೆರಗಿನಿಂದ ಕುರ್ಚಿ ಒರೆಸಿ ಎದುರಿಗೆ ಕುಳಿತಳು.

"ಮಗ ಸೊಸಿ ಕೆಲಸಕ್ಕ ಹೋಗ್ತಾರ, ಮೊಮ್ಮಗಳು ಸಾಲಿಗೆ. ನಾ ಕಿಡಕಿ ಮುಂದ ಕುಂತಿರ್ತೀನಿ. ಮುಂದ ಹಳದಿ ಲೈನಿನ ಬಸ್ ಹೋಗ್ತೈತಿ, ಬರ್ತೈತಿ. ಹತ್ತಿ ಹೋಗಿ ಬರ್ತೀನೋ ಅಂದ್ರ ಮಗ, ಯವ್ವಾ ನೀ ಕಳಕೋತಿ ಅಂತಾನ. ಗುಳೇದಗುಡ್ಡದ ಕುಬಸದ ಖಣ ಗಂಟ ಕಟಗೊಂಡು ಸೊಲ್ಲಾಪುರದತನಕ ಒಬ್ಬಾಕೀನ ಹೋಗಿ ಮಾರಿ ಬಂದಾಕಿರಿ ನಾನು. ಇಲ್ಲಿ ಕಳಕೊಳ್ಳಾಕ ಊರರ ಎಷ್ಟೈತಿ? ಪಂಚಾಂಗದಾಗ ಬಂದ್ರ ಅಂವ ಇಲ್ಲ ಅನ್ನಂಗಿಲ್ಲ. ಅದಕ್ಕಂತ ಕಿವಿ ಕೊಟ್ಟು ಕುಂತಿದ್ದೆ ನಾ ಅವತ್ತು. ಬರೇ ಬಂಧುಗಳ ಆಗಮನ ಅಂದ್ರಿ. ಯಾವ ಬಂಧು ಬರ್ತಾರ್ರಿ ನನಗ ಇಲ್ಲಿ?"

ಆಮೇಲೆ ಬಸಲಿಂಗವ್ವ ಕಣ್ಣು ಕಿರಿದು ಮಾಡಿ ಕೇಳಿದಳು. "ನಿಮ್ಮ ರಾಶಿ ಯಾವುದ್ರಿ?"

"ತುಲಾ."

"ಹಂಗನ್ರಿ ಮತ್ತ! ಬಸ್ ಸ್ಟ್ಯಾಂಡಿನ್ಯಾಗ ಆ ಹುಡುಗೀನ ನಿಂದ್ರಿಸಿ ಬಿಟ್ಟೀರಿ ಅಂತ ಆದರ್ಶಪ್ಪ ಹೇಳ್ತಿರ್ತಾನ. ನೀವು ಅಂಜಿದ್ದಕ್ಕ ನನ್ನ ವರ್ಷ ಹಾಳಾತು ನೋಡ್ರಿ."

ನಗುತ್ತಲೇ ಹೇಳಿದಳು. ಆದರೂ ಆ ಮಾತು ಕಾತ್ಯಾಯಿನಿಯ ಎದೆಗೆ ನೆಟ್ಟಿತು. ಪ್ರಕಾಶಕರಿಗೆ ಬೇಜಾರಿಲ್ಲದಿರಬಹುದು, ಇಲ್ಲೊಬ್ಬಳಿಗೆ ಬೇಜಾರಾಗಿತ್ತು. ತನ್ನ ಭಯವನ್ನು ಮುಚ್ಚಿಕೊಳ್ಳಲು ಎತ್ತಿ ಹಾಕಿದ ಸೋಮಾರಿ ಸಾಲೊಂದು ಈ ಹೆಂಗಸನ್ನು ಕಿಟಕಿಯ ಮುಂದೆ ಕೂರಿಸಿಬಿಟ್ಟಿತ್ತು. ಅವಳಿಗೆ ಅಳು ಬಂತು, ನಗುವೂ ಬಂತು.

ತಿಂಗಳ ಕೊನೆಯ ಭಾನುವಾರ ಅದೇ ಹಾಲಿನಲ್ಲಿ ಬಸವ ಜಯಂತಿ. ಪೂಜೆ ಮುಗಿದ ಮೇಲೆ ಕಾತ್ಯಾಯಿನಿ ಮೈಕು ಕೇಳಿ ಪಡೆದಳು.

"ಯುಗಾದಿಯ ದಿನ ಓದಿದ ವರ್ಷಫಲದಲ್ಲಿ ಒಂದು ದೋಷ ಉಳಿದುಬಿಟ್ಟಿತ್ತು. ತುಲಾ ರಾಶಿಗೆ ತಿದ್ದುಪಡಿ ಇದೆ."

"ಪಂಚಾಂಗಕ್ಕ ತಿದ್ದುಪಡೀರಿ?" ಎಂದ ಶಿವಪುತ್ರಪ್ಪ ಗಾಬರಿಯಿಂದ. ಅದು ಅವನ ಆ ದಿನದ ಮೊದಲ ವಾಕ್ಯ.

"ಇದೆ ಸಾರ್. ಕೇಳಿ. ತುಲಾ ರಾಶಿಯ ಹಿರಿಯ ಹೆಣ್ಣುಮಕ್ಕಳಿಗೆ ಈ ವರ್ಷ ಏಕಾಂಗಿ ಪ್ರಯಾಣದ ಯೋಗ. ಹಳದಿ ಲೈನಿನ ವಾಹನ ಶ್ರೇಷ್ಠ. ವಾರಕ್ಕೊಮ್ಮೆಯಾದರೂ ಹೋಗಬೇಕು. ತಡೆಯುವ ವೃಷಭ ರಾಶಿಯ ಮಕ್ಕಳಿಗೆ ಕಷ್ಟ."

"ಏನ್ ಕಷ್ಟರಿ?" ಎರಡನೆಯ ವಾಕ್ಯ.

"ಅಧ್ಯಕ್ಷ ಸ್ಥಾನಕ್ಕೆ ಸಂಚಕಾರ."

ಶಿವಪುತ್ರಪ್ಪ ಒಮ್ಮೆ ತಾಯಿಯ ಕಡೆ ನೋಡಿದ. ಬಸಲಿಂಗವ್ವ ಏನೂ ಅರಿಯದವಳಂತೆ ಬಸವಣ್ಣನ ಚಿತ್ರದ ಕಡೆ ಕೈ ಮುಗಿದಳು. ಅವನು ಮೂರನೆಯ ವಾಕ್ಯವನ್ನು ಉಳಿಸಿಕೊಂಡು ಕುಳಿತ.

ಹಾಳೆಯಲ್ಲಿ ಬರೆದದ್ದು ಅಲ್ಲಿಗೆ ಮುಗಿದಿತ್ತು. ಕಾತ್ಯಾಯಿನಿ ಹಾಳೆ ಮಡಚಿದಳು. ಇಳಿದು ಹೋಗಬಹುದಿತ್ತು. ಆದರೆ ಮುಂದಿನ ಸಾಲಿನಿಂದ ಬಸಲಿಂಗವ್ವ ಅವಳನ್ನೇ ನೋಡುತ್ತ, ಎಲ್ಲರಿಗೂ ಕೇಳುವಂತೆ ಅಂದಳು: "ಮುಂದ ಓದ್ರಿ ಅಕ್ಕೋರ. ತುಲಾ ರಾಶ್ಯಾಗ ಇನ್ನೂ ಮಂದಿ ಅದಾರ."

ಆದರ್ಶ್ ಮತ್ತು ಪೂರ್ವಿ ಗೋಡೆಯ ಪಕ್ಕ ನಿಂತು ನೋಡುತ್ತಿದ್ದರು. ಗುರುದತ್ ಟೀ ಲೋಟವನ್ನು ಕೆಳಗಿಟ್ಟ.

"ತುಲಾ ರಾಶಿಯ ಲೇಖಕಿಯರಿಗೆ," ಎಂದು ಅವಳು ಮಡಚಿದ ಹಾಳೆಯನ್ನೇ ನೋಡುತ್ತ ಶುರು ಮಾಡಿದಳು. "ಈ ಸಲ ಅಧಿಕ ಆಷಾಢ ಬಂದಿದೆ. ವರ್ಷಕ್ಕೆ ಒಂದು ತಿಂಗಳು ಜಾಸ್ತಿ ಸಿಕ್ಕಿದೆ, ಆದ್ದರಿಂದ ಯಾವ ನೆಪವೂ ನಡೆಯುವುದಿಲ್ಲ. ದೀಪಾವಳಿಯೊಳಗೆ ಹಿಡಿದ ಕಾದಂಬರಿ ಮುಗಿಸುತ್ತಾರೆ. ಮುಗಿಸದಿದ್ದರೆ..." ಅವಳು ತಲೆಯೆತ್ತಿದಳು. "ಮುಗಿಸದಿದ್ದರೆ ಇನ್ನೊಬ್ಬರಿಗೆ ಬರೆಯುವುದನ್ನು ಕಲಿಸುವ ಕೆಲಸ ಬಿಡುತ್ತಾರೆ."

ಹಾಲಿನಲ್ಲಿ ಯಾರೂ ನಗಲಿಲ್ಲ. ಚಪ್ಪಾಳೆಯೂ ಬೀಳಲಿಲ್ಲ. ಮನೆಗೆ ಹೋಗುವಾಗ ಕಾರಿನಲ್ಲಿ ಗುರುದತ್ ಮೆಲ್ಲಗೆ ಅಂದ, "ಹಾಗಾದ್ರೆ ರಿಪೇರಿ ಅಂತಾಯ್ತು." ಅವಳು ಮಡಚಿದ ಹಾಳೆಯನ್ನು ಇನ್ನೊಮ್ಮೆ ಮಡಚಿದಳು. ಇಂಥ ಮಾತನ್ನು ಎಲ್ಲರೆದುರು ಆಡಿ ಬಂದ ಹೆದರಿಕೆ ಇನ್ನೂ ಇಳಿದಿರಲಿಲ್ಲ.

ಬುಧವಾರ ಅವಳಿಗೆ ಪಾಠವಿರಲಿಲ್ಲ. ಬೆಳಗಿನಿಂದ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅಂಬುಜಾಕ್ಷಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಹನ್ನೊಂದರ ಸುಮಾರಿಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಇಳಕಲ್ ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ಟು ತೊಟ್ಟು, ತಲೆಗೆ ಮೊಮ್ಮಗಳ ಗುಲಾಬಿ ಉಣ್ಣೆ ಟೋಪಿ ಹಾಕಿಕೊಂಡು ಬಸಲಿಂಗವ್ವ ನಿಂತಿದ್ದಳು.

"ಬಂಧುಗಳ ಆಗಮನ," ಎಂದಳು. "ನಿಮ್ಮ ಮಿಶ್ರಫಲಾನೂ ಖರೇ ಆತು ನೋಡ್ರಿ."

"ಒಬ್ಬರೇ ಬಂದ್ರಾ ಅಮ್ಮಾ? ಎಲ್ಲೂ ತಪ್ಪಲಿಲ್ವಾ?"

"ಮೊಮ್ಮಗಳು ಎಲ್ಲಿ ಇಳೀಬೇಕಂತ ಹೇಳಿಕೊಟ್ಟಿದ್ಲು. 'ಈಝೀ ಅಜ್ಜಿ, ಜಸ್ಟ್ ಪ್ರೆಸ್ ದ ಬಟನ್' ಅಂತ." ಒಳಗೆ ಬಂದು ನೇರವಾಗಿ ಕಂಪ್ಯೂಟರಿನ ಎದುರಿನ ಸೋಫಾದಲ್ಲಿ ಕುಳಿತು, ಕೈಚೀಲದಿಂದ ಶೇಂಗಾ ಹೋಳಿಗೆ ತೆಗೆದು ಮೇಜಿನ ಮೇಲಿಟ್ಟಳು. "ಆ ಹುಡುಗಿ ಬಸ್ ಹತ್ತಿದ್ಲೇನ್ರಿ?"

"ಇಲ್ಲಮ್ಮ. ಅವಳು ಯಾಕೆ ಹತ್ತಬೇಕು ಅನ್ನೋದೇ ನನಗೆ ಗೊತ್ತಾಗ್ತಿಲ್ಲ. ಅವಳು ಇನ್ನೂ ತೀರ್ಮಾನ ಮಾಡಿಲ್ಲ."

ಬಸಲಿಂಗವ್ವ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ನಾನೂ ಮಾಡಿದ್ದಿಲ್ರಿ. ನಿಮ್ಮ ಮುಂದ ಸುಳ್ಳ ಯಾಕ ಹೇಳಲಿ. ಸ್ಟಾಪಿನ್ಯಾಗ ನಿಂತಾಗ ಕೈಕಾಲು ನಡಗಿದ್ವು. ಸೊಲ್ಲಾಪುರಕ್ಕ ಹೋದಾಕಿ ಯಾರೋ ಬ್ಯಾರೇ ಹೆಂಗಸು ಅನ್ನಿಸ್ತು. ಹೊಳ್ಳಿ ಮನೀಗೆ ಹೋಗಬೇಕಂದೆ. ಅಷ್ಟರಾಗ ಬಸ್ ಬಂತು, ಬಾಗಲಾ ತಗೀತು. ಬಾಗಲಾ ತಗದ ಮ್ಯಾಲ ಹೆಂಗ ನಿಂದ್ರಾಕ ಬರ್ತೈತಿ? ಹಿಂದ ಮಂದಿ ನಿಂತಿರ್ತಾರ. ಹತ್ತಿದೆ. ಹತ್ತಿ ಕುಂತ ಮ್ಯಾಲ ಹೊಂಟೀನಿ ಅಂತ ಗೊತ್ತಾತು."

ಕಾತ್ಯಾಯಿನಿ ಅವಳ ಮುಖವನ್ನೇ ನೋಡಿದಳು. ಇಷ್ಟು ವರ್ಷ ಅಂಬುಜಾಕ್ಷಿಯ ತಲೆಯೊಳಗೆ ಕೂತು ಕಾರಣ ಹುಡುಕಿದ್ದಳೇ ಹೊರತು ಬಸ್ಸಿನ ಬಾಗಿಲನ್ನು ಒಮ್ಮೆಯೂ ತೆರೆದಿರಲಿಲ್ಲ. ಅವಳ ಹಿಂದೆ ಒಬ್ಬ ಮನುಷ್ಯನನ್ನೂ ನಿಲ್ಲಿಸಿರಲಿಲ್ಲ.

"ಒಂದು ನಿಮಿಷ ಇರಿ ಅಮ್ಮಾ, ಟೀ ಮಾಡ್ತೀನಿ," ಎಂದಳು. ಬರೆಯುವುದನ್ನು ಮುಂದೂಡುವ ಹಳೆಯ ಚಾಳಿ ಎಲ್ಲಿ ಹೋಗುತ್ತದೆ.

"ಟೀ ಬ್ಯಾಡ. ಬರೀರಿ. ನನ್ನ ಬಸ್ಸಿಗೆ ಇನ್ನೂ ಹೊತ್ತೈತಿ."

ಅವಳು ಬರೆದಳು. ಕೆಂಪು ಬಸ್ ಬಂತು, ಕಂಡಕ್ಟರ್ ಬಾಗಿಲು ಬಡಿದ, ಹಿಂದಿನಿಂದ ಬಾಳೆಗೊನೆ ಹೊತ್ತವನೊಬ್ಬ ಹತ್ತಮ್ಮ ಬೇಗ ಎಂದು ಗದರಿದ, ಚೀಲ ಸಿಕ್ಕಿಕೊಂಡಿತು, ಯಾರೋ ಬಿಡಿಸಿಕೊಟ್ಟರು. ಮಧ್ಯದಲ್ಲಿ ಊಟಕ್ಕೆ ಬಂದ ಗುರುದತ್ ಬಾಗಿಲಲ್ಲಿ ನಿಂತು ಬಾಯಿ ತೆರೆದ. ಬಸಲಿಂಗವ್ವ ತುಟಿಯ ಮೇಲೆ ಬೆರಳಿಟ್ಟಳು. ಅವನು ಹಾಗೇ ಹಿಂದೆ ಸರಿದು ಕೆಟಲಿಗೆ ನೀರು ತುಂಬಿದ.

ಕಾತ್ಯಾಯಿನಿ ಕೈ ಕೊಡವಿಕೊಂಡು ತಲೆಯೆತ್ತಿದಾಗ ಬಸಲಿಂಗವ್ವ ಜಾಕೆಟ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.

"ಹತ್ತಿದ್ಲೇನ್ರಿ?"

"ಹತ್ತಿದ್ಲಮ್ಮ."

"ಎಲ್ಲಿಗೆ ಹೊಂಟಾಳ?"

"ಗೊತ್ತಿಲ್ಲ. ಕಿಟಕಿ ಪಕ್ಕ ಜಾಗ ಸಿಕ್ಕಿದೆ."

"ಆತು ಬಿಡ್ರಿ, ಹೊಂಟಾಳಲ್ಲ," ಎಂದು ಬಸಲಿಂಗವ್ವ ಗುಲಾಬಿ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಎದ್ದಳು. "ಎಲ್ಲಿ ಇಳದ್ಲು ಅಂತ ಬರೂ ಬುಧವಾರ ಬಂದು ಕೇಳ್ತೀನಿ."